ಕಲಬೆರಕೆ ಕರಾಟೆಯ ಬಿಡಮ್ಮ

"ಅಮ್ಮಾ, ಬಿಡಮ್ಮನಿಗೆ ಮೆಲ್ಲಗೆ ಮಾತಾಡೋಕೆ ಬರೋದೇ ಇಲ್ವಾ?"

ಮಗಳು ಇದನ್ನು ಕೇಳಿದಾಗ ನಾನು ಅವಳ ತಲೆ ಬಾಚುತ್ತಿದ್ದೆ. ಹೇರ್‌ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರಿಂದ ಉತ್ತರ ತಡವಾಯಿತು.

"ಬರುತ್ತೆ ಕಣೇ. ಬೆಳಿಗ್ಗೆಯೆಲ್ಲ ಆಸ್ಪತ್ರೇಲಿ ಮೆಲ್ಲಗೇ ಮಾತಾಡ್ತಾರೆ. ಸಂಜೆ ಇಲ್ಲಿಗೆ ಬರೋ ಹೊತ್ತಿಗೆ ಮೆಲ್ಲಗಿನ ಮಾತೆಲ್ಲ ಖರ್ಚಾಗಿರುತ್ತೆ."

"ಹಾಗಾದ್ರೆ ನಂದೂ ಖರ್ಚಾಗಿದೆ," ಎಂದಳು ಮಗಳು. ಅಡುಗೆಮನೆಯಿಂದ ನಮ್ಮತ್ತೆಯ ನಿಟ್ಟುಸಿರು ಕೇಳಿಸಿತು.

ಮಗಳಿಗೆ ತಮಾಷೆಯಲ್ಲಿ ಹೇಳಿದ ಆ ಮಾತು ನಿಜವೇ ಆಗಿತ್ತು. ಬಿಡಮ್ಮ ಮನೋರೋಗಿಗಳ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ. ನಸುಕಿನಲ್ಲಿ ಕೆಲಸಕ್ಕೆ ಹೋದರೆ ಹಾಸಿಗೆ ಬದಲಿಸುವುದು, ಸ್ನಾನ ಮಾಡಿಸುವುದು, ಊಟ ಬೇಡ ಎಂದು ಗೋಡೆಯ ಕಡೆ ತಿರುಗಿ ಕೂತವರನ್ನು ಒಲಿಸುವುದು, ಎಲ್ಲವೂ ಪಿಸುಮಾತಿನಲ್ಲಿ. ವಾರದಲ್ಲಿ ಮೂರು ಸಂಜೆ ನಮ್ಮ ಕಟ್ಟಡದ ನೆಲಮಹಡಿಯ ಹಾಲಿಗೆ ಬಂದು ಮಕ್ಕಳಿಗೂ ಹೆಂಗಸರಿಗೂ ಕರಾಟೆ ಕಲಿಸುತ್ತಿದ್ದರು. ಆಗ ಮಾತ್ರ ಅವರ ದನಿ ಮೇಲಿನ ಟೆರೇಸಿನಲ್ಲಿ ಬಟ್ಟೆ ಒಣಗಿಸುವವರಿಗೂ ಕೇಳುತ್ತಿತ್ತು. ಐವತ್ತು ದಾಟಿದ ಹೆಂಗಸು. ಕುಳ್ಳಗೆ, ಅಗಲಕ್ಕೆ, ಕನ್ನಡಕಕ್ಕೆ ಹಿಂದಿನಿಂದ ರಬ್ಬರ್ ಪಟ್ಟಿ.

ಕೈಗೂಸನ್ನು ಸೊಂಟದ ಮೇಲಿಟ್ಟುಕೊಂಡು ಮಗಳನ್ನು ಮೊದಲ ದಿನ ಕರೆದುಕೊಂಡು ಹೋದಾಗ ನಾನು ಬಿಳಿ ಬಟ್ಟೆ, ಬಣ್ಣದ ಬೆಲ್ಟು, ಸಾಲಾಗಿ ನಿಂತ ಮಕ್ಕಳು ಎಂದೆಲ್ಲ ಊಹಿಸಿದ್ದೆ. ಹಾಲಿನಲ್ಲಿ ಕಂಡದ್ದು ಕಾಲು ಮುರಿದ ಟೇಬಲ್ ಟೆನಿಸ್ ಮೇಜು, ಮಡಿಸಿಟ್ಟ ಕುರ್ಚಿಗಳು, ಗೋಡೆಯಾಚೆ ಗುರುಗುಟ್ಟುವ ನೀರಿನ ಪಂಪು. ಮಕ್ಕಳು ಶಾಲೆಯ ಸಮವಸ್ತ್ರದಲ್ಲಿ, ಮನೆಬಟ್ಟೆಯಲ್ಲಿ, ಚಪ್ಪಲಿ ಸಮೇತ ಇದ್ದರು. ಒಬ್ಬಳ ಬೆನ್ನ ಮೇಲೆ ಪುಸ್ತಕದ ಚೀಲವೂ ಇತ್ತು.

"ಚೀಲ ತೆಗೆದಿಡು ಅನ್ನಲ್ವಾ ಅವಳಿಗೆ?" ಎಂದು ಬಿಡಮ್ಮನನ್ನು ಕೇಳಿದೆ.

"ಯಾಕೆ? ಬೀದೀಲಿ ಯಾರಾದ್ರೂ ಹಿಡಿದಾಗ 'ಸ್ವಲ್ಪ ಇರಿ ಅಣ್ಣಾ, ಬಟ್ಟೆ ಬದಲಾಯಿಸಿ, ಚೀಲ ಇಟ್ಟು ಬರ್ತೀನಿ' ಅಂತೀಯಾ? ನೀನೂ ಬಾ. ಮಗುವನ್ನ ಸೊಂಟದ ಮೇಲೆ ಇಟ್ಕೊಂಡೇ ಬಾ. ದಿನಾ ಹಾಗೇ ತಾನೇ ಓಡಾಡೋದು ನೀನು?"

ಹೀಗೆ ಕೈಗೂಸಿನ ಜೊತೆಗೆ ನಾನೂ ಸೇರಿದೆ.

ಅವರ ಮೊದಲ ಪಾಠ ಓಡುವುದು. ಎರಡನೆಯದು ಕೂಗುವುದು. ಮೂರನೆಯದರಲ್ಲಿ ಇಬ್ಬರು ಎದುರುಬದುರು ನಿಲ್ಲಬೇಕು. ಒಬ್ಬರು ಇನ್ನೊಬ್ಬರ ಮಣಿಕಟ್ಟು ಬಿಗಿಯಾಗಿ ಹಿಡಿಯಬೇಕು. ಆಗ ಬಿಡಮ್ಮ ಪಕ್ಕದಲ್ಲಿ ಬಂದು ನಿಂತು, ತಲೆ ಒಂದು ಕಡೆ ವಾಲಿಸಿ, ಬೆಣ್ಣೆ ಸವರಿದ ದನಿಯಲ್ಲಿ ಹೇಳುತ್ತಿದ್ದರು: "ಹೋಗ್ಲಿ ಬಿಡಮ್ಮಾ..."

ಅದು ಮುಗಿಯುವ ಮೊದಲೇ ಹಿಡಿಸಿಕೊಂಡವರು "ಬಿಡು!" ಎಂದು ಹೊಟ್ಟೆಯಿಂದ ಗರ್ಜಿಸಿ, ಹಿಡಿದವರ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಕಿತ್ತುಕೊಂಡು, ಬಾಗಿಲಿನತ್ತ ಓಡಬೇಕು. ಹಿಡಿತದಲ್ಲಿ ಹೆಬ್ಬೆರಳೇ ಬಾಗಿಲು ಎನ್ನುತ್ತಿದ್ದರು.

"ಹಿಡಿಯೋದು ಎರಡು ಸಲ ಕಣ್ರೇ. ಮೊದಲು ಕೈ ಹಿಡೀತಾರೆ. ಕೈ ಬಿಡಿಸ್ಕೊಂಡು ಮನೆಗೆ ಬಂದ್ಮೇಲೆ ಬಾಯಿ ಹಿಡೀತಾರೆ. ಹೋಗ್ಲಿ ಬಿಡಮ್ಮ, ಯಾರಿಗೂ ಹೇಳ್ಬೇಡಮ್ಮ, ದೊಡ್ಡದು ಮಾಡ್ಬೇಡಮ್ಮ. ಎರಡಕ್ಕೂ ಒಂದೇ ಉತ್ತರ. ಅವರು 'ಬಿಡಮ್ಮ' ಅಂತಾರೆ, ನಾವು 'ಬಿಡು' ಅಂತೀವಿ. ಪದ ಅದೇ, ಹೇಳೋ ಗಂಟಲು ಬೇರೆ."

ಆ ಆಟದಿಂದಲೇ ಮಕ್ಕಳು ಅವರನ್ನು ಬಿಡಮ್ಮ ಎಂದು ಕರೆಯತೊಡಗಿದ್ದು. ಅವರಿಗೂ ಅದು ಇಷ್ಟವೇ ಆಗಿತ್ತು.

ಪಾಠ ಮುಗಿದ ಮೇಲೆ ಬಸ್ಸಿಗೆ ಹೊತ್ತಿದ್ದರೆ ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತಿದ್ದರು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಮುಷ್ಟಿಯಿಂದ ತಮ್ಮ ಕೂದಲನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತ, ತಮ್ಮ ಕತೆಯನ್ನು ಚೂರುಚೂರಾಗಿ ಹೇಳುತ್ತಿದ್ದರು. ನಾನು ಕೂಸು ಮಲಗಿದ ಮೇಲೆ ಅದನ್ನು ನನ್ನ ದಿನಚರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಆ ಚೂರುಗಳನ್ನು ಹೊಲಿದರೆ ಹೀಗಾಗುತ್ತದೆ.

ಅವರ ಅಣ್ಣ ಕರಾಟೆ ಕಲಿಯಲು ಹೋಗುತ್ತಿದ್ದ. ಅಣ್ಣನ ಬಟ್ಟೆಯ ಗಂಟು ಹೊತ್ತುಕೊಂಡು ಹೋಗುವುದು ತಂಗಿಯ ಕೆಲಸ. ಬಾಗಿಲಲ್ಲಿ ಕೂತು ನೋಡುತ್ತಿದ್ದವಳನ್ನು ಗುರುಗಳು ಹಿಂದಿನ ಸಾಲಿಗೆ ಕರೆದರು. ಅಣ್ಣ ಮಂಡಿ ನೋವೆಂದು ನಿಲ್ಲಿಸಿದ, ತಂಗಿ ನಿಲ್ಲಿಸಲಿಲ್ಲ. ಕೈಕಾಲು ಬೀಸುವ ಕ್ರಮವನ್ನು ನೃತ್ಯದ ಹಾಗೆ ಒಬ್ಬರೇ ಮಾಡಿ ತೋರಿಸುವ ಸ್ಪರ್ಧೆಗಳಿರುತ್ತವಂತೆ; ಅದರಲ್ಲಿ ಕಪ್‌ಗಳನ್ನು ಗೆದ್ದರು.

"ಆಮೇಲೆ ಒಂದಿನ ಬಸ್‌ಸ್ಟಾಪಿಂದ ಮನೆಗೆ ಬರ್ತಿದ್ದೆ. ಹಿಂದಿನಿಂದ ಯಾರೋ ಜಡೆ ಹಿಡಿದು ಎಳೆದ. ನಾನು ಏನು ಮಾಡ್ದೆ ಹೇಳು?"

"ಒದ್ರಾ?"

"ನಿಂತೆ! ಸ್ಪರ್ಧೇಲಿ ನಿಲ್ಲೋ ಹಾಗೆ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗೆ ಮಾಡಿ, ಚೆಂದವಾಗಿ ನಿಂತೆ. ಅವನು ನನ್ನನ್ನ ಹಾಗೇ ಗೋಣಿಚೀಲದ ಥರ ಎಳ್ಕೊಂಡು ಹೋದ." ಬಿಡಮ್ಮ ನಕ್ಕರು. ನಾನು ನಗಲಿಲ್ಲ. "ಎದುರಿನಿಂದ ಯಾವುದೋ ಲಾರಿ ಬಂತು, ಬಿಟ್ಟು ಓಡಿದ. ಮನೆಗೆ ಬಂದ್ರೆ ಅಮ್ಮ ಏನಂದ್ರು ಗೊತ್ತಾ? ಹೋಗ್ಲಿ ಬಿಡಮ್ಮ, ಯಾರೂ ನೋಡಿಲ್ಲ ತಾನೇ. ಗುರುಗಳ ಹತ್ರ ಹೋಗಿ ಹೇಳ್ದೆ. ಅವರು ಯೋಚನೆ ಮಾಡಿ, ನಿನ್ನ ನಿಲುವು ಸ್ವಲ್ಪ ಎತ್ತರ ಆಗಿತ್ತು ಅಂತ ಕಾಣುತ್ತೆ, ಅಂದ್ರು."

ಗುರುಗಳನ್ನು ಅವರು ಬೈಯುತ್ತಿರಲಿಲ್ಲ. ನೇರವಾಗಿ ಗುದ್ದುವುದು, ಉಸಿರು ಹಿಡಿದಿಡದೆ ಹೊಡೆಯುವುದು, ಇವೆಲ್ಲ ಅವರು ಕೊಟ್ಟಿದ್ದೇ. ಆದರೆ ಆ ದಿನದಿಂದ ಬಿಡಮ್ಮ ಸಿಕ್ಕಸಿಕ್ಕಲ್ಲಿ ಕಲಿಯಲು ಹೊರಟರು. ಓಣಿಯ ಹಿಟ್ಟಿನ ಗಿರಣಿಯ ಮುದುಕ ಒಂದು ಕಾಲದಲ್ಲಿ ಕುಸ್ತಿ ಆಡಿದವನು. ಅವನು ಇವರನ್ನು ಖಾಲಿ ಗೋಣಿಗಳ ಮೇಲೆ ಕೆಡವಿ, ಏಳಿಸಿ, ಮತ್ತೆ ಕೆಡವಿ ಬೀಳುವುದನ್ನು ಕಲಿಸಿದ. ಪ್ರತಿ ಪಾಠಕ್ಕೂ ಮೈಯೆಲ್ಲ ಹಿಟ್ಟು. ಬಾಕ್ಸಿಂಗ್ ಶಾಲೆಯೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿ, ಗುಡಿಸುವ ನೆಪದಲ್ಲಿ ಮುಖದ ಮುಂದೆ ಕೈ ಇಡುವುದನ್ನು ಕಲಿತರು. ಕೂಗು ಕಲಿಸಿದವಳು ತಳ್ಳುಗಾಡಿಯಲ್ಲಿ ತರಕಾರಿ ಮಾರುವ ಹೆಂಗಸು. "ಗಂಟಲಿಂದ ಕೂಗ್ಬೇಡ ಮಗಳೇ, ಮಧ್ಯಾಹ್ನಕ್ಕೇ ಕೂತುಹೋಗುತ್ತೆ. ಹೊಟ್ಟೆಯಿಂದ ಕೂಗು," ಎಂದು ಹೇಳಿ, ಟೊಮೇಟೊ ತೂಗುತ್ತಲೇ ತೋರಿಸಿದಳಂತೆ. ಬೀದಿಯ ತುದಿಯ ಮನೆಯ ಕಿಟಕಿ ತೆರೆಯಿತಂತೆ.

ಉಳಿದಿದ್ದನ್ನು ಕಲಿಸಿದ್ದು ಆಸ್ಪತ್ರೆಯ ಕೆಲಸ. "ನಮ್ಮ ವಾರ್ಡಲ್ಲಿ ಯಾರೂ ಕೆಟ್ಟೋರಲ್ಲ. ಹೆದರಿ ಕೂದಲು ಹಿಡ್ಕೊಂಡ್ಬಿಡ್ತಾರೆ, ಅಷ್ಟೆ. ಅವರ ಕೈಗೂ ನೋವಾಗ್ಬಾರ್ದು, ನನ್ನ ತಲೇನೂ ಉಳೀಬೇಕು. ಎಳೆದಷ್ಟೂ ನೋವು. ಹಿಡಿದಿರೋ ಕೈಯನ್ನೇ ನನ್ನ ತಲೆಗೆ ಗಟ್ಟಿಯಾಗಿ ಒತ್ತಿ ಹಿಡ್ಕೋಬೇಕು. ಆಗ ಎಳೆಯೋಕಾಗಲ್ಲ. ಹಾಗೇ ಬಗ್ಗಿ ತಿರುಗಬೇಕು."

ಇಷ್ಟೆಲ್ಲ ಸೇರಿಸಿ ಅವರು ಕಲಿಸುತ್ತಿದ್ದುದನ್ನು ನೋಡಲು ಒಮ್ಮೆ ಯಾವುದೋ ಕರಾಟೆ ಸಂಘದ ಪರೀಕ್ಷಕರು ಬಂದಿದ್ದರಂತೆ. ಮೂಗು ಮುರಿದು, "ಇದು ಯಾವ ಪದ್ಧತೀನೂ ಅಲ್ಲ, ಬರೀ ಕಲಬೆರಕೆ" ಎಂದರು. ಬಿಡಮ್ಮ ಮರುದಿನವೇ ಒಂದು ಹಲಗೆ ತಂದು, ಕೆಂಪು ಬಣ್ಣದಲ್ಲಿ 'ಕಲಬೆರಕೆ ಕರಾಟೆ' ಎಂದು ತಾವೇ ಬರೆದು ಬಾಗಿಲಿಗೆ ನೇತುಹಾಕಿದರು. ಯಾರಾದರೂ ಕೇಳಿದರೆ, "ಮರಳು ಬೆರೆಸದೆ ಬರೀ ಸಿಮೆಂಟಲ್ಲಿ ಗೋಡೆ ಕಟ್ಟಿ ನೋಡೋಣ," ಎನ್ನುತ್ತಿದ್ದರು.

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಮಗ್ಗಿ ಮಾವ ಇದ್ದಾರೆ. ನಿವೃತ್ತರು, ಇಸ್ತ್ರಿ ಮಾಡಿದ ಅಂಗಿ, ಎಲ್ಲರ ಮನೆಯ ಕಷ್ಟಸುಖ ವಿಚಾರಿಸುವವರು. ಹೆಣ್ಣುಮಕ್ಕಳು ಎದುರು ಸಿಕ್ಕರೆ ಮಣಿಕಟ್ಟು ಹಿಡಿದುಕೊಂಡು, "ಹದಿನೇಳರ ಮಗ್ಗಿ ಹೇಳು, ಬಿಡ್ತೀನಿ" ಎನ್ನುವುದು ಅವರ ಆಟ. ತಪ್ಪಿದರೆ ಮತ್ತೆ ಮೊದಲಿನಿಂದ. ಸರಿಯಾಗಿ ಹೇಳಿದರೆ ಇನ್ನೊಂದು ಮಗ್ಗಿ. ದೊಡ್ಡವರೆಲ್ಲ ನಗುತ್ತಿದ್ದೆವು. ಮಕ್ಕಳು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವುದನ್ನು ನೋಡಿ, ಕರಾಟೆಯಿಂದ ಮಕ್ಕಳಿಗೆ ಒಳ್ಳೆಯ ಕಸುವು ಬಂದಿದೆ ಎಂದುಕೊಂಡಿದ್ದೆವು.

ನಾಲ್ಕನೇ ಮಹಡಿಯ ಕಡ್ಡಿ ಮಾತ್ರ ಆ ಸಂಜೆ ಲಿಫ್ಟ್ ಹತ್ತಿದಳು. ಎಂಟನೇ ತರಗತಿಯ ಹುಡುಗಿ, ಗಾಳಿ ಬಂದರೆ ಹಾರಿಹೋಗುವಷ್ಟು ತೆಳ್ಳಗಿದ್ದಾಳೆಂದು ಆ ಹೆಸರು. ಕೈಯಲ್ಲಿ ಸಾಮಾನಿನ ಚೀಲ ಭಾರವಾಗಿತ್ತು. ಎರಡನೇ ಮಹಡಿಯಲ್ಲಿ ಮಗ್ಗಿ ಮಾವ ಹತ್ತಿದರು. ಮಣಿಕಟ್ಟು ಹಿಡಿದು, "ಹತ್ತೊಂಬತ್ತರದ್ದು ಹೇಳು" ಎಂದರು.

"ಬಿಡಿ ಮಾವ, ಅಮ್ಮ ಕಾಯ್ತಿದ್ದಾರೆ."

"ಹೇಳಿದ್ರೆ ಬಿಡ್ತೀನಿ."

"ಬಿಡಿ, ಕೈ ನೋಯ್ತಿದೆ."

ಅವರು ನಕ್ಕು ಇನ್ನಷ್ಟು ಹತ್ತಿರಕ್ಕೆ ಎಳೆದರು. ಆಮೇಲಿನದು ಇಡೀ ಕಟ್ಟಡಕ್ಕೆ ಕೇಳಿಸಿತು. "ಬಿಡು!" ನಾಲ್ಕನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಾಗ ಕಡ್ಡಿ ಓಡಿಹೋದಳು, ಸಾಮಾನೆಲ್ಲ ಚೆಲ್ಲಿತ್ತು, ಮಗ್ಗಿ ಮಾವ ಹೆಬ್ಬೆರಳು ಹಿಡಿದುಕೊಂಡು ಕುಕ್ಕರಿಸಿದ್ದರು.

ಬೆರಳು ಉಳುಕಿತ್ತು. ಮರುದಿನ ಅವರು ಅದಕ್ಕೆ ಎಷ್ಟು ದಪ್ಪ ಬ್ಯಾಂಡೇಜು ಸುತ್ತಿಕೊಂಡು ಮಹಡಿಯಿಂದ ಮಹಡಿಗೆ ತಿರುಗಿದರೆಂದರೆ, ನಮ್ಮ ಮನೆಯವರು, "ಒಳಗೆ ಬೆರಳಿದೆಯೋ ಇಲ್ವೋ ಗೊತ್ತಾಗ್ತಿಲ್ಲ" ಎಂದರು. ಆದರೆ ಕಟ್ಟಡದವರಿಗೆ ಬೆರಳಿಗಿಂತ ಹೆಚ್ಚು ನೋಯಿಸಿದ್ದು ಬೇರೆ.

"ಬಿಡು ಅಂದಳಂತೆ! ತಾತನ ವಯಸ್ಸಿನವರಿಗೆ! ಏಕವಚನ!"

ಮೆಟ್ಟಿಲಲ್ಲಿ, ನೀರಿನ ನಲ್ಲಿಯ ಹತ್ತಿರ, ಟೆರೇಸಿನಲ್ಲಿ ಅದೇ ಮಾತು. ಕೈ ಹಿಡಿದದ್ದು ಸಲುಗೆಯಾಗಿತ್ತು, ಏಕವಚನ ಸೊಕ್ಕಾಗಿತ್ತು. ಆ ಸೊಕ್ಕು ಎಲ್ಲಿಂದ ಬಂತೆಂದು ಎಲ್ಲರಿಗೂ ಗೊತ್ತಿತ್ತು.

ಕಟ್ಟಡದ ಸಂಘದ ಕಾರ್ಯದರ್ಶಿ ಔಷಧಿ ಅಂಗಡಿಯವರು. ಕೆಟ್ಟ ಮನುಷ್ಯರಲ್ಲ, ಎಲ್ಲರ ಜ್ವರಕ್ಕೂ ಮೊದಲು ಮಾತ್ರೆ ಕೊಡುವವರು. ಪಾಠದ ಸಂಜೆ ಹಾಲಿನ ಬಾಗಿಲಿಗೆ ಬಂದು ಬಿಡಮ್ಮನನ್ನು ಪಕ್ಕಕ್ಕೆ ಕರೆದರು. ಕೂಸಿಗೆ ಬಾಟಲಿ ಹಿಡಿದು ನಾನು ಅಲ್ಲೇ ಮೆಟ್ಟಿಲ ಮೇಲಿದ್ದೆ.

"ನೋಡೀಮ್ಮಾ, ಪಾಠ ನಿಲ್ಸಿ ಅಂತ ನಾನು ಹೇಳ್ತಿಲ್ಲ. ಹುಡುಗಿ ಒಂದು ಕ್ಷಮೆ ಕೇಳ್ಲಿ. ಬೆರಳಿಗೆ ನೋವು ಮಾಡಿದ್ದಕ್ಕೂ ಬೇಡ, ಏಕವಚನಕ್ಕೆ ಮಾತ್ರ. ಇನ್ಮೇಲೆ ನೀವು ಮಕ್ಕಳಿಗೆ 'ಬಿಡಿ' ಅಂತ ಕಲಿಸಿ. ಹಾಲ್ ನಿಮ್ದೇ. ಒಂದಕ್ಷರ ತಾನೇ?"

ಬಿಡಮ್ಮ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಯಾಕೆಂದರೆ ಅವರಿಗೆ ಈ ಹಾಲ್ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಹಿಂದೆ ಕಲಿಸುತ್ತಿದ್ದ ಶಾಲೆಯ ಅಂಗಳದಲ್ಲಿ ಕಟ್ಟಡ ಎದ್ದಿತ್ತು; ಅದಕ್ಕೂ ಹಿಂದಿನ ಗೋದಾಮಿಗೆ ಬೀಗ ಬಿದ್ದಿತ್ತು. ಆಸ್ಪತ್ರೆಯವರು ಕೊಟ್ಟ ಅವರ ಕೋಣೆಯಲ್ಲಿ ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ.

"ಸರಿ," ಎಂದರು ಕೊನೆಗೆ. "ನೀವೊಂದು ಸಲ ಜೋರಾಗಿ 'ಬಿಡಿ' ಅನ್ನಿ."

"ಏನು?"

"ಅನ್ನಿ ಸಾರ್. ಒಂದಕ್ಷರ ತಾನೇ?"

ಕಾರ್ಯದರ್ಶಿ ಆಚೀಚೆ ನೋಡಿ, "ಬಿಡೀ" ಎಂದರು.

"ಬಾಯಿ ಏನಾಯ್ತು ನೋಡ್ಕೊಂಡ್ರಾ? ನಗೋ ಹಾಗೆ ಅಗಲ ಆಯ್ತು. ಹೆದರಿದಾಗ ನಾವು ಹೆಂಗಸರು ಮೊದಲೇ ನಗ್ತೀವಿ ಸಾರ್, ಅದನ್ನ ಬಿಡಿಸೋಕೇ ನಂಗೆ ತಿಂಗಳುಗಟ್ಟಲೆ ಬೇಕು. ಈಗ 'ಬಿಡು' ಅನ್ನಿ. ಅನ್ನಿ, ನನಗೇ ಅನ್ನಿ, ಬೇಜಾರಿಲ್ಲ. ತುಟಿ ಮುಂದೆ ಬರುತ್ತೆ, ಉಸಿರು ಹೊಟ್ಟೆಯಿಂದ ಹೊರಡುತ್ತೆ. ಆ ಉಸಿರಲ್ಲೇ ಕೈ ತಿರುಗೋದು. ನಾನು ಮರ್ಯಾದೆ ಕಲಿಸ್ತೀನಿ, ಇಲ್ಲ ಅನ್ನಲ್ಲ. ಆದ್ರೆ ಕೈ ಹಿಡಿದು, ಕೇಳಿದ್ರೂ ಬಿಡದೇ ಇರೋನಿಗೆ ಬಹುವಚನ ಇಲ್ಲ. ಅವನು ಬಿಟ್ಟ ಮೇಲೆ ಬೇಕಾದ್ರೆ 'ನಮಸ್ಕಾರ, ಹೋಗಿ ಬನ್ನಿ' ಅನ್ನೋಣ."

"ಹಾಗಾದ್ರೆ ಸಭೆ ಕರೀಬೇಕಾಗುತ್ತೆ."

"ಕರೀರಿ. ಕುರ್ಚಿ ನಾವೇ ಹಾಕ್ತೀವಿ."

ಭಾನುವಾರ ಬೆಳಿಗ್ಗೆ ಅದೇ ಹಾಲಿನಲ್ಲಿ ಸಭೆ. ಕುರ್ಚಿಗಳನ್ನು ಮಕ್ಕಳೇ ಹಾಕಿ, ಹಿಂದಿನ ಗೋಡೆಗೆ ಒರಗಿ ಚಾಪೆಯ ಮೇಲೆ ಸಾಲಾಗಿ ಕೂತರು. ಮುಂದಿನ ಸಾಲಿನಲ್ಲಿ ಮಗ್ಗಿ ಮಾವ, ಬ್ಯಾಂಡೇಜು ಎಲ್ಲರಿಗೂ ಕಾಣುವ ಹಾಗೆ ಮಂಡಿಯ ಮೇಲೆ. ಕಡ್ಡಿಯ ಅಮ್ಮ ಅಚ್ಚುಕೂಟದಲ್ಲಿ ಪುಸ್ತಕ ಹೊಲಿಯುವವರು. ಬಾಡಿಗೆಯವರಾದ್ದರಿಂದ ಕೊನೆಯ ಕುರ್ಚಿಯ ತುದಿಯಲ್ಲಿ, ಯಾವಾಗ ಏಳು ಅಂದರೂ ಏಳುವವರ ಹಾಗೆ ಕೂತಿದ್ದರು. ಬಿಡಮ್ಮ ಹೊರಗಿನವರು, ಅವರಿಗೆ ಮಾತಾಡುವ ಹಕ್ಕಿಲ್ಲ ಎಂದು ಮೊದಲೇ ಹೇಳಿಯಾಗಿತ್ತು. ಬಾಗಿಲಿನ ಹತ್ತಿರ ಕೈಕಟ್ಟಿ ನಿಂತಿದ್ದರು.

ಕಾರ್ಯದರ್ಶಿ ನಡೆದದ್ದನ್ನು ಓದಿದರು. ಕೂಗಾಟದಿಂದ ನಿವಾಸಿಗಳ ನಿದ್ದೆ ಕೆಡುತ್ತಿದೆ ಎಂಬ ದೂರೂ ಇದೆ, ಅದನ್ನು ಕೊಟ್ಟವರು ಮೊದಲನೇ ಮಹಡಿಯ ಹಿರಿಯರು ಎಂದರು. ಅದು ನಮ್ಮತ್ತೆ. ನನ್ನ ಕಿವಿ ಬಿಸಿಯಾಯಿತು. ಅತ್ತೆ ಕುರ್ಚಿ ಹಿಡಿದು ಎದ್ದರು.

"ನಿದ್ದೆ ಕೆಡುತ್ತೆ ಅಂದಿದ್ದು ನಾನೇ. ಈಗಲೂ ಕೆಡುತ್ತೆ. ಆದ್ರೆ ಅದು ಬೇರೆ ದೂರು. ಅದನ್ನ ತಂದು ಇದಕ್ಕೆ ಗೋಂದು ಹಚ್ಚಿ ಅಂಟಿಸ್ಬೇಡಿ. ನನ್ನ ನಿದ್ದೆ ವಿಷಯ ಮಂಗಳವಾರ ಮಾತಾಡೋಣ." ಹೇಳಿ ಕೂತರು.

ಯಾರೋ ನಕ್ಕರು. ಕಾರ್ಯದರ್ಶಿ ಬೆವರು ಒರೆಸಿಕೊಂಡು ಕಡ್ಡಿಯ ಅಮ್ಮನ ಕಡೆ ತಿರುಗಿದರು. "ಅಮ್ಮಾ, ನೀವು ತಿಳಿದೋರು. ಮಗು ಬಂದು ಮಾವನಿಗೆ ಒಂದು ಮಾತು ಹೇಳಿದ್ರೆ ಮುಗೀತು. ದೊಡ್ಡದು ಮಾಡೋದು ಬೇಡ."

ಕಡ್ಡಿಯ ಅಮ್ಮ ತಲೆ ತಗ್ಗಿಸಿದರು. ಮಗಳನ್ನು ಕರೆಯಲೋ ಬೇಡವೋ ಎಂಬಂತೆ ಹಿಂದಕ್ಕೆ ನೋಡಿದರು. ಕಡ್ಡಿಯ ಮುಖ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತ್ತು. ಹೊಲಿಗೆಯ ದಾರ ಎಳೆದೆಳೆದು ಗೀರು ಬಿದ್ದ ಆ ತಾಯಿಯ ಬೆರಳುಗಳು ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿದ್ದವು. ಅವರು ಏಳಲು ಹೊರಟಿದ್ದನ್ನು ನೋಡಿ ಕಾರ್ಯದರ್ಶಿಗೆ ಪಾಪ ಅನಿಸಿರಬೇಕು. ತುಂಬ ಮೃದುವಾಗಿ, ತಲೆ ಒಂದು ಕಡೆ ವಾಲಿಸಿ ಹೇಳಿದರು:

"ಹೋಗ್ಲಿ ಬಿಡಮ್ಮಾ..."

"ಬಿಡು!"

ಹಿಂದಿನ ಗೋಡೆಯ ಸಾಲು ಒಟ್ಟಿಗೆ ಸಿಡಿಯಿತು. ಅಷ್ಟೂ ಮಕ್ಕಳು ಎದ್ದು ನಿಂತು, ಮಣಿಕಟ್ಟು ತಿರುಗಿಸಿ, ಅರ್ಧದಷ್ಟು ಮಂದಿ ಬಾಗಿಲಿನ ಕಡೆ ಓಡಿಯೂ ಬಿಟ್ಟರು. ನನ್ನ ಮಗಳು ಬಾಗಿಲು ದಾಟಿ, ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲವೆಂದು ತಿಳಿದು, ನಾಲಿಗೆ ಕಚ್ಚಿಕೊಂಡು ವಾಪಸು ಬಂದಳು. ಕಾರ್ಯದರ್ಶಿಯ ಕೈಯಿಂದ ಕಾಗದ ಜಾರಿತ್ತು. ಕೂಸು ಅಳಲು ಶುರುಮಾಡಿತು. ಮಗ್ಗಿ ಮಾವನ ಎರಡೂ ಕೈ, ಬ್ಯಾಂಡೇಜಿನ ಸಮೇತ, ಕಂಕುಳಲ್ಲಿ ಅವಿತಿದ್ದವು.

"ಅಯ್ಯೋ, ಅದು ಅಭ್ಯಾಸ," ಎಂದು ಒಬ್ಬಳು ಹುಡುಗಿ ಅಳುಮುಖ ಮಾಡಿದಳು. "ಆ ಮಾತು ಕೇಳಿದ್ರೆ ತಾನಾಗೇ ಬಂದ್ಬಿಡುತ್ತೆ ಅಂಕಲ್."

ಬಾಗಿಲಲ್ಲಿ ಬಿಡಮ್ಮ ತುಟಿ ಕಚ್ಚಿ ನಗು ತಡೆದಿದ್ದರು, ಕನ್ನಡಕ ಅಲುಗುತ್ತಿತ್ತು.

ಆದರೆ ನಾನು ನೋಡುತ್ತಿದ್ದುದು ಕಡ್ಡಿಯ ಅಮ್ಮನನ್ನು. ಅವರು ಈಗ ಎದ್ದು ನಿಂತಿದ್ದರು. ಸೆರಗು ಕೈಯಿಂದ ಬಿದ್ದಿತ್ತು.

"ನನ್ನ ಮಗಳು ಮೊದಲು 'ಬಿಡಿ' ಅಂದಳು," ಎಂದರು. "ಬಿಡಿ ಮಾವ ಅಂದಳು. ಮತ್ತೆ, ಬಿಡಿ, ಕೈ ನೋಯ್ತಿದೆ ಅಂದಳು. ಬಹುವಚನದಲ್ಲೇ ಅಂದಳು. ಆಗ ಯಾಕೆ ಬಿಡಲಿಲ್ಲ? ಅದನ್ನ ಕೇಳಿ ಅವರನ್ನ. ಉತ್ತರ ಬರ್ಲಿ. ಆಮೇಲೆ ನಾನೇ ಕ್ಷಮೆ ಕೇಳ್ತೀನಿ."

ಎಲ್ಲರೂ ಮಗ್ಗಿ ಮಾವನ ಕಡೆ ನೋಡಿದೆವು. ಅವರು, "ತಮಾಷೆಗೆ... ಮಕ್ಕಳ ಜೊತೆ..." ಎಂದು ಶುರುಮಾಡಿ, ಎಲ್ಲಿಗೆ ಮುಗಿಸಬೇಕೆಂದು ತಿಳಿಯದೆ ಕೆಮ್ಮಿದರು. ಕ್ಷಮೆಯ ಮಾತು ಅಲ್ಲಿಗೆ ನಿಂತಿತು. ಮತ್ತೆ ಯಾರೂ ಎತ್ತಲಿಲ್ಲ.

ಹಾಲ್ ಮಾತ್ರ ಉಳಿಯಲಿಲ್ಲ. ಮಕ್ಕಳ ಆ ಕೂಗು ಕೆಲವರನ್ನು ನಗಿಸಿತ್ತು, ಇನ್ನು ಕೆಲವರನ್ನು ಹೆದರಿಸಿತ್ತು. "ಇವತ್ತು ಕಾರ್ಯದರ್ಶಿಗೆ ಅಂದ್ರು, ನಾಳೆ ನಮಗೂ ಅಂತಾರೆ," ಎಂದರು ಮೂರನೇ ಮಹಡಿಯವರು. ಹೊರಗಿನವರಿಗೆ ಹಾಲ್ ಕೊಡಬಾರದು ಎಂದು ಕೈ ಎತ್ತಿಸಿದರು. ನಾವು ಅದರ ವಿರುದ್ಧ ಎತ್ತಿದೆವು; ನಮ್ಮ ಮನೆಯವರು ಕೂಸಿನ ಕೈಯನ್ನೂ ಎತ್ತಿ ಹಿಡಿದರು, ಯಾರೂ ಎಣಿಸಲಿಲ್ಲ. ಅತ್ತೆ ಯಾವ ಕಡೆಗೂ ಎತ್ತಲಿಲ್ಲ. "ನಾನು ಮಂಗಳವಾರ ಎತ್ತುತ್ತೀನಿ," ಎಂದರು. ನಾವು ಸೋತೆವು.

ಬಿಡಮ್ಮ ಕೆಂಪು ಅಕ್ಷರದ ಹಲಗೆಯನ್ನು ಮೊಳೆಯಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡರು. ಮಕ್ಕಳು ಸುತ್ತ ನಿಂತು ಮೂಗು ಒರೆಸಿಕೊಳ್ಳುತ್ತಿದ್ದರು. ಕಡ್ಡಿ ಮುಂದೆ ಬಂದು, "ನನ್ನಿಂದ ಹೀಗಾಯ್ತು" ಎಂದಳು.

"ಏನು ನಿನ್ನಿಂದ? ನಿನ್ನಿಂದ ನನ್ನ ಪಾಠ ಪಾಸಾಯ್ತು. ಇಷ್ಟು ವರ್ಷ ಕಲಿಸಿ, ಒಬ್ಬಳು ಲಿಫ್ಟಲ್ಲಿ, ಚೀಲ ಹಿಡ್ಕೊಂಡು, ಕಿಷ್ಕಿಂಧೆಯಂಥ ಜಾಗದಲ್ಲಿ ಮಾಡಿ ತೋರ್ಸಿದಾಳೆ. ಒಂದೇ ತಪ್ಪು, ಸಾಮಾನು ಚೆಲ್ಲಿದೆ. ಅದನ್ನ ಸರಿ ಮಾಡೋಣ."

"ಎಲ್ಲಿ ಮಾಡೋದು? ಹಾಲ್ ಇಲ್ವಲ್ಲ."

ಬಿಡಮ್ಮ ಹಾಲನ್ನು ಒಮ್ಮೆ ನೋಡಿದರು. "ಹಾಲಲ್ಲಿ ಯಾರು ಹಿಡೀತಾರೆ ನಮ್ಮನ್ನ? ಮೆಟ್ಟಿಲಲ್ಲಿ ಹಿಡೀತಾರೆ, ಗಾಡಿ ನಿಲ್ಸೋ ಕಡೆ ಹಿಡೀತಾರೆ, ಟ್ಯಾಂಕಿನ ಹಿಂದೆ ಹಿಡೀತಾರೆ. ನಾನು ಪೆದ್ದಿ, ಇಷ್ಟು ದಿನ ಚಾಪೆ ಹಾಸಿ ಕಲಿಸ್ತಿದ್ದೆ."

ಮುಂದಿನ ಪಾಠ ಮೆಟ್ಟಿಲಲ್ಲೇ ನಡೆಯಿತು. ಕೆಳಗಿನ ಮೆಟ್ಟಿಲಲ್ಲಿರುವವರು ಕಾಲು ಹಿಡಿದರೆ ಏನು, ಮೇಲಿನವರು ತಳ್ಳಿದರೆ ಕಂಬಿ ಹೇಗೆ ಹಿಡಿಯಬೇಕು, ಸಾಲಾಗಿ ನಿಂತ ಸ್ಕೂಟರ್‌ಗಳ ನಡುವೆ ಹೇಗೆ ನುಸುಳಬೇಕು. ಹಾಲಿಗಿಂತ ಚೆನ್ನಾಗಿತ್ತು. ಕಡ್ಡಿಯ ಅಮ್ಮನೂ ಕೆಲಸದಿಂದ ಬಂದವರು ಊಟದ ಡಬ್ಬಿ ಹಿಡಿದೇ ಸೇರಿಕೊಂಡರು. ಸದ್ದು ಮಾತ್ರ ಮೆಟ್ಟಿಲ ಗೂಡಿನಲ್ಲಿ ನಾಲ್ಕು ಪಟ್ಟಾಗಿ ಮೇಲೇರಿತು. ಮಗ್ಗಿ ಮಾವನ ಬಾಗಿಲು ಆ ಸಂಜೆ ತೆರೆಯಲಿಲ್ಲ.

ಮರುದಿನ ಗೇಟಿನಲ್ಲಿ ಹೊಸ ಸೂಚನೆ ಅಂಟಿಸಿದ್ದರು: ಹೊರಗಿನ ಶಿಕ್ಷಕರಿಗೆ ಕಟ್ಟಡದೊಳಗೆ ಪ್ರವೇಶವಿಲ್ಲ. ನಿವಾಸಿಗಳ ಬಂಧುಗಳು ಬರಬಹುದು. ಕಾವಲುಗಾರನಿಗೂ ಖಡಕ್ಕಾಗಿ ಹೇಳಿದ್ದರಂತೆ.

ಇವತ್ತು ಮಧ್ಯಾಹ್ನ ಆಸ್ಪತ್ರೆಯ ಕೆಲಸ ಮುಗಿಸಿ ಬಿಡಮ್ಮ ಬಂದರು. ಕಾವಲುಗಾರ ಊಟಕ್ಕೆ ಹೋದ ಹೊತ್ತು ನೋಡಿಕೊಂಡು ಒಳಗೆ ಬಂದಿದ್ದರಿಂದ ಉಸಿರು ಏರಿತ್ತು. ನಾನು ಕೂಸಿನ ಬಟ್ಟೆ ಮಡಚುತ್ತಿದ್ದೆ. ಅವರು ಕುರ್ಚಿಯಲ್ಲಿ ಕೂರದೆ ಹೊಸಿಲ ಹತ್ತಿರವೇ ನಿಂತರು.

"ಗೇಟಿನ ಚೀಟಿ ಓದಿದ್ಯಾ?"

"ಓದ್ದೆ. ನಂಗೆ ಮೈ ಉರೀತು."

"ಉರ್ಕೋಬೇಡ, ಸರಿಯಾಗಿ ಓದು. ಶಿಕ್ಷಕರು ಬರಬಾರ್ದು ಅಂತಿದೆ. ಬಂಧುಗಳು ಬರಬಹುದು ಅಂತಾನೂ ಇದೆ. ಬಂಧುಗಳು ಮೆಟ್ಟಿಲಲ್ಲಿ ನಿಂತು ಮಕ್ಕಳ ಜೊತೆ ಮಾತಾಡ್ಬಾರ್ದು ಅಂತ ಎಲ್ಲೂ ಇಲ್ಲ. ಎಷ್ಟು ಜೋರಾಗಿ ಮಾತಾಡ್ಬೇಕು ಅಂತಾನೂ ಇಲ್ಲ."

ನಾನು ಮಡಚುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟೆ.

"ಕಡ್ಡಿ ಅಮ್ಮನ್ನ ಕೇಳ್ಬಹುದಿತ್ತು," ಎಂದರು. "ಆದ್ರೆ ಅವರು ಬಾಡಿಗೆಯವರು, ನಾಳೆ ಮನೆ ಖಾಲಿ ಮಾಡಿಸಿಬಿಟ್ರೆ? ನಿಮ್ದು ಸ್ವಂತ ಮನೆ. ಅದಕ್ಕೆ ನಿನ್ನ ಹತ್ರ ಬಂದೆ. ಕಷ್ಟ ಅನ್ಸಿದ್ರೆ ಇಲ್ಲ ಅನ್ನು, ಬೇಜಾರಿಲ್ಲ."

"ಏನು ಅಂತ ಹೇಳೇ ಇಲ್ವಲ್ಲ ನೀವು."

"ನಿಂಗೆ ಒಬ್ಬರು ಅತ್ತೆ ಇದ್ದಾರೆ, ಗೊತ್ತು. ಇನ್ನೊಬ್ಬಳನ್ನ ತಡ್ಕೋತೀಯಾ?"

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಸೋದರತ್ತೆ ಅಂತ ಹೇಳು. ಚಿಕ್ಕಮ್ಮ ಅಂದ್ರೆ ಯಾರೂ ನಂಬಲ್ಲ, ನಿನ್ನ ತಾಯಿ ಕಡೆಯೋರು ಯಾರೂ ಇಷ್ಟು ಗಟ್ಟಿ ಇಲ್ಲ."

ಬಿಡಮ್ಮ ಅಡುಗೆಮನೆಯ ಕಡೆ ತಲೆಬಾಗಿ ನಮಸ್ಕಾರ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, ಆಸ್ಪತ್ರೆಯ ವಾರ್ಡಿನಲ್ಲಿ ಮಾತಾಡುವ ದನಿ ಹೀಗಿರಬೇಕೇನೋ ಎನ್ನುವಂತೆ ಕೇಳಿದರು:

"ಸಂಜೆ ಐದಕ್ಕೆ ಗೇಟಿಗೆ ಬಂದು, ಕಾವಲುಗಾರನ ಮುಂದೆ, ನನ್ನ ಸೋದರತ್ತೆ ಅಂತ ಹೇಳಿ ನನ್ನನ್ನ ಒಳಗೆ ಕರ್ಕೊಂಡು ಬರ್ತೀಯಾ?"